ನಂದಿ ಮೆಟ್ಟಿಲಲ್ಲಿ ತಯಾರಿ, ಒಂದೇ ದಿನದಲ್ಲಿ ಕುಮಾರ ಪರ್ವತ: 12 ವಾರಗಳ ದಾಖಲೆ

ಗುರಿ ಇಷ್ಟು. ಕುಕ್ಕೆ ಸುಬ್ರಹ್ಮಣ್ಯದಿಂದ ಬೆಳಕು ಹರಿಯುತ್ತಲೇ ಹೊರಟು, 1,712 ಮೀಟರ್ ಎತ್ತರದ ಕುಮಾರ ಪರ್ವತದ ತುದಿ ಮುಟ್ಟಿ, ಅದೇ ದಾರಿಯಲ್ಲಿ ಕತ್ತಲಾಗುವ ಮೊದಲು ವಾಪಸ್ ಇಳಿಯುವುದು. ಒಂದು ಕಡೆಗೆ ಸುಮಾರು 13 ಕಿ.ಮೀ. ದೂರಕ್ಕಿಂತ ಏರು ದೊಡ್ಡದು. ಕುಕ್ಕೆ ಇರುವುದು ಸಮುದ್ರಮಟ್ಟದಿಂದ 120 ಮೀಟರ್ ಆಸುಪಾಸಿನಲ್ಲಿ, ಹಾಗಾಗಿ ಹತ್ತಬೇಕಾದದ್ದು 1,600 ಮೀಟರ್ ಹತ್ತಿರ.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನೇ ಹಿಡಿದೆವು: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಂತೆ ಹತ್ತಲು ಐದೂಕಾಲು ಗಂಟೆ ಬೇಕು. ಈ ಲೆಕ್ಕದಲ್ಲಿ ಕೂರುವ, ತಿನ್ನುವ ಹೊತ್ತು ಸೇರಿಲ್ಲ.

ಚಿಕ್ಕಬಳ್ಳಾಪುರದವರಿಗೆ ಇದಕ್ಕೆ ತಾಲೀಮು ಮಾಡಲು ಸುಲ್ತಾನಪೇಟೆಯಿಂದ ನಂದಿಗೆ ಹತ್ತುವ 1,175 ಮೆಟ್ಟಿಲುಗಳಿಗಿಂತ ಒಳ್ಳೆಯ ಜಾಗ ಇಲ್ಲ. ಬೆಟ್ಟದ ತುದಿ 1,478 ಮೀಟರ್. ಒಂದು ಏರಿಗೆ 400 ಮೀಟರ್‌ಗಿಂತ ಕಡಿಮೆ ಎಂದೇ ಹಿಡಿದು, ಕುಮಾರ ಪರ್ವತಕ್ಕೆ ಸಮ ಆಗಬೇಕಾದರೆ ನಾಲ್ಕಲ್ಲ, ಐದು ಸಲ ಹತ್ತಿಳಿಯಬೇಕು ಎಂದು ಗೊತ್ತುಮಾಡಿಕೊಂಡೆವು.

1ರಿಂದ 4ನೇ ವಾರ

ವಾರಕ್ಕೆ ಎರಡು ದಿನ ಬೆಟ್ಟ, ಎರಡು ದಿನ ಊರಲ್ಲೇ 8 ಕಿ.ಮೀ. ಬಿರುಸು ನಡಿಗೆ. ಬೆಟ್ಟದಲ್ಲಿ ಮೊದಲ ವಾರ ಒಂದು ಸುತ್ತು, ನಾಲ್ಕನೇ ವಾರಕ್ಕೆ ಮೂರು. ಬೆನ್ನಿಗೆ 3 ಕೆ.ಜಿ. ವೇಗಕ್ಕೆ ಒಂದೇ ಅಳತೆ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುತ್ತಾ ಹತ್ತಲು ಆಗಬೇಕು. ಮಾತು ತುಂಡಾದರೆ ನಿಧಾನ ಮಾಡಬೇಕು. ಏರು ಬೇಗ ಸುಧಾರಿಸಿತು, ಒಂದು ಸುತ್ತಿನ ಏರು 48 ನಿಮಿಷದಿಂದ 39ಕ್ಕೆ ಇಳಿಯಿತು. ಇದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ.

6ನೇ ವಾರ: ತೊಂದರೆ ಇರುವುದು ಇಳಿಯುವಾಗ

ನಾಲ್ಕು ಸುತ್ತು ಮಾಡಿದ ದಿನದ ಅಂಕಿ ನೋಡಿ. ಏರಿಗೆ 39, 39, 41, 43 ನಿಮಿಷ. ಇಳಿಯಲು 29, 31, 36, 41. ಉಸಿರು ಸರಿಯಾಗಿಯೇ ಇತ್ತು, ಸೋತಿದ್ದು ತೊಡೆ. ಕಾರಣ ಸರಳ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಮೈಭಾರ ಹೊತ್ತುಕೊಂಡೇ ಹಿಗ್ಗಬೇಕು. ಆ ಹಿಗ್ಗುವಿಕೆಯಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ, ನೋವು ಜೋರಾಗುವುದು ಮಾರನೇ ದಿನದಿಂದ ಮೂರನೇ ದಿನದ ಒಳಗೆ.

ನಂದಿಯಲ್ಲಿ ತಾಲೀಮು ಮಾಡುವವರು ಬಹಳ ಮಂದಿ ಮೆಟ್ಟಿಲು ಹತ್ತಿ, ಟಾರು ರಸ್ತೆಯಲ್ಲಿ ಗಾಡಿ ಹಿಡಿದು ಕೆಳಗೆ ಬರುತ್ತಾರೆ. ಮಂಡಿಗೆ ಒಳ್ಳೆಯದು ಅನ್ನುವ ಲೆಕ್ಕ. ಆದರೆ ಒಂದೇ ದಿನದ ಚಾರಣಕ್ಕೆ ತಯಾರಾಗುವವರಿಗೆ ಇದು ದೊಡ್ಡ ತಪ್ಪು. ಇಳಿಯುವ ಪೆಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಮೊದಲೇ ತಿಂದ ಸ್ನಾಯು ಮುಂದಿನ ಹಲವು ವಾರ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಆ ತಾಳಿಕೆ ಬರುವುದು ಇಳಿದವರಿಗೆ ಮಾತ್ರ.

ಅಲ್ಲಿಂದ ಮುಂದೆ ಕ್ರಮ ಬದಲಾಯಿಸಿದೆವು. ಪ್ರತಿ ಸುತ್ತಿನ ಇಳಿತದ ಸಮಯ ಬರೆದಿಡುವುದು. ಹೆಜ್ಜೆ ಚಿಕ್ಕದು, ಮಂಡಿ ಸದಾ ತುಸು ಬಾಗಿರಬೇಕು, ಹಿಮ್ಮಡಿ ಧಡ್ ಎಂದು ಬೀಳಬಾರದು. ಮನೆಯಲ್ಲಿ ವಾರಕ್ಕೆ ಎರಡು ಸಲ, 20 ಸೆಂ.ಮೀ. ಮೆಟ್ಟಿಲಿನ ಮೇಲೆ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಹಿಮ್ಮಡಿ ನೆಲ ಸೋಕುವ ತನಕ ಎಣಿಸಿ ನಾಲ್ಕು ಸೆಕೆಂಡಿನಲ್ಲಿ ಇಳಿಯುವುದು. ಒಂದೊಂದು ಕಾಲಿಗೆ 12, ಮೂರು ಸರದಿ.

7ನೇ ವಾರ: ಶೂ, ಉಗುರು, ಲೇಸು

ಹೆಬ್ಬೆರಳಿನ ಉಗುರು ಕಪ್ಪಾದರೆ ಶೂ ಚಿಕ್ಕದು ಅಂತಲೇ ಅಲ್ಲ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರು ಗುದ್ದುತ್ತಿದ್ದರೂ ಹೀಗಾಗುತ್ತದೆ. ಶೂ ಅರ್ಧ ಸೈಜು ದೊಡ್ಡದಿರಲಿ, ಉಗುರು ಮೂರು ದಿನ ಮೊದಲೇ ಕತ್ತರಿಸಿರಲಿ. ಲೇಸು ಹೀಗೆ ಕಟ್ಟಿ: ಕಣಕಾಲಿನ ಹತ್ತಿರ ಇರುವ ಕೊನೆಯ ಹೆಚ್ಚುವರಿ ತೂತಿಗೆ ಅದೇ ಬದಿಯ ಲೇಸನ್ನು ಹೊರಗಿನಿಂದ ಒಳಗೆ ತೂರಿಸಿ, ಎರಡೂ ಕಡೆ ಒಂದೊಂದು ಸಣ್ಣ ಕುಣಿಕೆ ಬಿಡಿ. ಬಲಗಡೆಯ ತುದಿಯನ್ನು ಎಡಗಡೆಯ ಕುಣಿಕೆಯೊಳಗೆ, ಎಡಗಡೆಯದನ್ನು ಬಲಕ್ಕೆ ಹಾಯಿಸಿ. ಹಿಮ್ಮಡಿಯನ್ನು ನೆಲಕ್ಕೆ ಒಂದು ಸಲ ಕುಟ್ಟಿ, ಆಮೇಲೆ ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲುಗುವುದಿಲ್ಲ, ಬೆರಳುಗಳಿಗೆ ಜಾಗ ಸಿಗುತ್ತದೆ.

ಹತ್ತಿಯ ಕಾಲುಚೀಲ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಚರ್ಮ ಬೇಗ ಗುಳ್ಳೆ ಏಳುತ್ತದೆ. ಚರ್ಮ ಬಿಸಿ ಅನ್ನಿಸಿದ ಕೂಡಲೇ ನಿಂತು ಟೇಪು ಅಂಟಿಸಬೇಕು. ಗುಳ್ಳೆ ಎದ್ದ ಮೇಲೆ ಅಂಟಿಸಿದರೆ ಕಡಿಮೆ ಪ್ರಯೋಜನ.

8ರಿಂದ 10ನೇ ವಾರ: ನೀರು, ಉಪ್ಪು, ಊಟ

ನಮ್ಮದು ಒಣ ಹವೆ, ಬೆವರು ಬಂದಷ್ಟೇ ಬೇಗ ಆರುತ್ತದೆ. ಕುಕ್ಕೆಯ ಕಾಡಿನಲ್ಲಿ ಗಾಳಿಯಲ್ಲೇ ತೇವ, ಬೆವರು ಆರದೆ ಹರಿಯುತ್ತದೆ, ಮೈ ತಣ್ಣಗಾಗುವುದಿಲ್ಲ. ನಂದಿಯಲ್ಲಿ ಸಾಕಾದ ನೀರು ಅಲ್ಲಿ ಸಾಲದು. ಸುತ್ತಿಗೆ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಿ: ಇಳಿದ ತೂಕಕ್ಕೆ ಕುಡಿದ ನೀರನ್ನು ಕೂಡಿಸಿದರೆ ಹೋದ ಬೆವರಿನ ಲೆಕ್ಕ, ಕಿಲೋಗೆ ಒಂದು ಲೀಟರ್. ನಮ್ಮಲ್ಲಿ ಗಂಟೆಗೆ 600 ಮಿ.ಲೀ. ಬಂತು, ಕುಕ್ಕೆಗೆ 800 ಎಂದು ಇಟ್ಟುಕೊಂಡೆವು.

ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಬರುತ್ತದೆ. ಅದನ್ನು ನೀರಿನ ಕೊರತೆ ಅಂದುಕೊಂಡು ಇನ್ನಷ್ಟು ಕುಡಿಯುವುದು ಅಪಾಯ. ಎರಡರಲ್ಲಿ ಒಂದು ಬಾಟಲಿಗೆ ಓಆರ್‌ಎಸ್ ಇರಲಿ. ಪ್ಯಾಕೆಟ್ ಇಲ್ಲದಿದ್ದರೆ ಲೀಟರ್ ನೀರಿಗೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಊಟಕ್ಕೆ ರಾಗಿ ಹುರಿಹಿಟ್ಟು 40 ಗ್ರಾಂ, ಬೆಲ್ಲ 20 ಗ್ರಾಂ ಬೆರೆಸಿ ಉಂಡೆ. ಒಂದು ಉಂಡೆಯಲ್ಲಿ 45 ಗ್ರಾಂ ಹತ್ತಿರ ಪಿಷ್ಟ ಮತ್ತು ಸಕ್ಕರೆ, ಅಂದರೆ ಒಂದು ಗಂಟೆಯ ಇಂಧನ. ಒಣಗಿದ ಬಾಯಿಗೆ ಹಿಟ್ಟು ಅಂಟುತ್ತದೆ, ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ಖರ್ಜೂರ, ಬಾಳೆಹಣ್ಣು. ಕಡಲೆಕಾಯಿ ಚಿಕ್ಕಿ ರುಚಿ ನಿಜ, ಆದರೆ ಜಿಡ್ಡಿರುವುದರಿಂದ ಏರಿನಲ್ಲಿ ನಿಧಾನಕ್ಕೆ ಜೀರ್ಣ, ಇಳಿಯುವಾಗ ತಿನ್ನಲು ಇಟ್ಟುಕೊಂಡೆವು.

10ನೇ ವಾರ ಐದು ಸುತ್ತು ಮುಗಿಯಿತು. ಇಳಿತ: 30, 30, 31, 33, 34 ನಿಮಿಷ. ಮೊದಲ ಮತ್ತು ಕೊನೆಯ ಇಳಿತದ ನಡುವೆ 12 ನಿಮಿಷ ಇದ್ದ ಅಂತರ ನಾಲ್ಕಕ್ಕೆ ಬಂದದ್ದೇ ಈ ಮೂರು ತಿಂಗಳ ನಿಜವಾದ ಗಳಿಕೆ. ಆಮೇಲೆ ಎರಡು ವಾರ ಕಠಿಣ ಇಳಿತ ಪೂರ್ತಿ ನಿಲ್ಲಿಸಿ, ನಡಿಗೆಯನ್ನೂ ಅರ್ಧಕ್ಕಿಳಿಸಿದೆವು.

12ನೇ ವಾರ: ಕುಮಾರ ಪರ್ವತ, ನವೆಂಬರ್ ಕೊನೆ

ಅರಣ್ಯ ಇಲಾಖೆಯ ಮುಂಗಡ ಟಿಕೆಟ್ ಮೊದಲೇ ಮಾಡಿಸಿರಬೇಕು. ತಿರುಗುವ ಗಡುವು ಮಧ್ಯಾಹ್ನ 12:30, ತುದಿ ಕಣ್ಣೆದುರಿಗಿದ್ದರೂ ಸರಿ. ಸೂರ್ಯ ಮುಳುಗುವುದು ಆರರ ಸುಮಾರಿಗೆ, ಮರಗಳ ಕೆಳಗೆ ಅದಕ್ಕೂ ಮುಂಚೆಯೇ ಕತ್ತಲು.

6:30ಕ್ಕೆ ಹೊರಟು, ದಾರಿಯಲ್ಲಿ ಚಾರಣಿಗರು ತಂಗುವ ಭಟ್ಟರ ಮನೆ 8:20. ಈ ಭಾಗ ದಟ್ಟ ಕಾಡು, ಬೇರು ಮತ್ತು ಒದ್ದೆ ಎಲೆ. ನಂದಿಯ ಮೆಟ್ಟಿಲು ಕಲಿಸದ ಸಂಗತಿ ಇದೊಂದೇ. ಬೇರಿನ ಮೇಲೆ ಕಾಲಿಡದೆ ದಾಟಬೇಕು. ಮಳೆ ನಿಂತು ಕೆಲವು ವಾರವಾಗಿದ್ದರೂ ನೆರಳಿನಲ್ಲಿ ಇಂಬಳ ಇದ್ದವು. 15 ನಿಮಿಷ ನಿಂತು 3 ಲೀಟರ್ ತುಂಬಿಸಿಕೊಂಡೆವು, ಯಾಕೆಂದರೆ ಮುಂದೆ ಬಯಲು ಹುಲ್ಲುಗಾವಲು, ನೆರಳಿಲ್ಲ, ಕಲ್ಲುಮಂಟಪದ ಹತ್ತಿರದ ಹರಿವು ಚಳಿಗಾಲ ಕಳೆದಂತೆ ಸೊರಗುತ್ತದೆ. ಕಲ್ಲುಮಂಟಪ 10:00, ಶೇಷ ಪರ್ವತ 11:10. ಅಲ್ಲಿಂದ ಒಮ್ಮೆ ಶೋಲಾ ಕಾಡಿಗೆ (ಬೆಟ್ಟಗಳ ನಡುವಿನ ತಗ್ಗಿನಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡು) ಇಳಿದು, ಬಂಡೆಯ ಮೇಲೆ ಮತ್ತೆ ಏರಬೇಕು. ತುದಿ 11:55. ನಿಂತ ಹೊತ್ತು ಕಳೆದರೆ 5 ಗಂಟೆ 10 ನಿಮಿಷ. ಕುಕ್ಕೆಗಿಂತ 10 ಡಿಗ್ರಿ ತಂಪು, ಜೊತೆಗೆ ಗಾಳಿ. ಒದ್ದೆ ಅಂಗಿ ಬದಲಿಸದೆ ಕೂರಬಾರದು.

12:20ಕ್ಕೆ ಇಳಿಯಲು ಶುರು. ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ್ದು ಇಲ್ಲೇ. ಕಲ್ಲುಮಂಟಪ 1:40, ಭಟ್ಟರ ಮನೆ 2:45, ಅಲ್ಲಿ 20 ನಿಮಿಷ, ಕುಕ್ಕೆ 4:35. ಕೊನೆಯ ಕಾಡಿನ ಭಾಗಕ್ಕೆ ಹತ್ತುವಾಗ 110 ನಿಮಿಷ ಹಿಡಿದಿತ್ತು, ಇಳಿಯಲು 90. ಉಗುರು ಕಪ್ಪಾಗಿಲ್ಲ. ಎಡ ಹಿಮ್ಮಡಿಯಲ್ಲಿ ಒಂದು ಗುಳ್ಳೆ, ಟೇಪಿನ ಅಂಚು ಸುರುಳಿಯಾದ ಜಾಗದಲ್ಲೇ. ಮುಂದಿನ ಸಲ ಟೇಪಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ ಅಂಟಿಸಬೇಕು.