ಗ್ಲಾಸಿನ ತಳದಲ್ಲಿ ಹೊಳೆದದ್ದು

ಎಂಟು ತಿಂಗಳಾಯಿತು. ಈಗಲೂ ಬಿಳಿ ವೈನಿನ ಕೊನೆಯ ಗ್ಲಾಸ್ ಸುರಿಯುವಾಗ ನನ್ನ ಕೈ ನಿಧಾನವಾಗುತ್ತದೆ.

ಮುಂಬೈನ ಲೋವರ್ ಪರೇಲ್‌ನಲ್ಲಿ ಒಂದು ರೆಸ್ಟೋರೆಂಟಿನಲ್ಲಿ ನಾನು ಕ್ಯಾಪ್ಟನ್. ಅವತ್ತು ಶನಿವಾರ, ಫುಲ್ ಹೌಸ್. ಏಳನೇ ಟೇಬಲ್‌ಗೆ ಮಾಟುಂಗದಿಂದ ಕನ್ನಡದ ಕುಟುಂಬ ಬಂದಿತ್ತು. ಯಜಮಾನರ ಅರವತ್ತನೇ ಹುಟ್ಟುಹಬ್ಬ. ನನ್ನ ಮಾತು ಕೇಳಿದ ಅವರ ಹೆಂಡತಿ, "ಕುಂದಾಪುರದ ಕಡೆಯವನಾ ಮಗಾ? ಹಾಗಾದ್ರೆ ವೈನ್ ನೀನೇ ಆರಿಸು" ಎಂದರು.

ನಾನು ತಂದದ್ದು ಶಾಬ್ಲಿ. ಫ್ರಾನ್ಸಿನ ಬರ್ಗಂಡಿಯ ಉತ್ತರ ಭಾಗದ್ದು, ಒಂದು ಕುಟುಂಬ ತನ್ನದೇ ತೋಟದಲ್ಲಿ ಬೆಳೆದು ಮಾಡಿದ್ದು. ಶಾಬ್ಲಿ ಅಂದರೆ ಊರಿನ ಹೆಸರು, ದ್ರಾಕ್ಷಿ ಶಾರ್ಡನೇ ಒಂದೇ. ಸಿಹಿ ಇಲ್ಲ, ಹುಳಿ ಮುಂದೆ. ಅಲ್ಲಿನ ಮಣ್ಣಿನಲ್ಲಿ ಕೋಟ್ಯಂತರ ವರ್ಷ ಹಳೆಯ ಸಿಂಪಿಚಿಪ್ಪುಗಳಿವೆ ಎಂದು ಹೇಳಿದಾಗ ಅಮ್ಮನ ಕಣ್ಣು ಅರಳಿತು. ಅವರು ತರಿಸಿದ್ದು ಬಟರ್ ಗಾರ್ಲಿಕ್ ಏಡಿ. ಅದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಕೊನೆಯ ಸುತ್ತಿನಲ್ಲಿ ಅಮ್ಮನ ಗ್ಲಾಸಿಗೆ ಸುರಿದೆ. ತಳದಲ್ಲಿ ಏನೋ ಹೊಳೆಯಿತು. ಚೂಪಾದ, ಪಾರದರ್ಶಕ ಚೂರುಗಳು, ಐದಾರು. ಅವರು ಆಗಲೇ ಒಂದು ಗುಟುಕು ಕುಡಿದಿದ್ದರು.

"ಕುಡಿಯಬೇಡಿ ಅಮ್ಮಾ, ಗಾಜು!" ಎಂದೆ. ಜೋರಾಗಿಯೇ.

ಟೇಬಲ್ ಇಡೀ ಸ್ತಬ್ಧ. ಅಮ್ಮ ಗಂಟಲು ಹಿಡಿದುಕೊಂಡರು. ಮಗ ಎದ್ದು ನಿಂತ. ಪಕ್ಕದ ಟೇಬಲಿನವರು ತಮ್ಮ ಗ್ಲಾಸುಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದರು. ಮ್ಯಾನೇಜರ್ ಓಡಿ ಬಂದು ಇಡೀ ಬಿಲ್ ಎನ್‌ಸಿ (ನೋ ಚಾರ್ಜ್) ಮಾಡಿದರು, ಅಂದರೆ ದುಡ್ಡೇ ತೆಗೆದುಕೊಳ್ಳಲಿಲ್ಲ. ಹತ್ತು ನಿಮಿಷದಲ್ಲಿ ಅವರೆಲ್ಲ ಆಸ್ಪತ್ರೆಗೆ ಹೊರಟರು. ಕೇಕ್ ಪ್ಯಾಂಟ್ರಿಯಲ್ಲೇ ಉಳಿಯಿತು.

ಬಾರಿನ ಹಿರಿಯ ಅಣ್ಣ ಆ ಗ್ಲಾಸನ್ನು ಸುಮ್ನೆ ಎತ್ತಿಕೊಂಡು ಹೋದರು. ವೈನ್ ಸೋಸಿ, ಚೂರುಗಳನ್ನು ಚಮಚದಿಂದ ಒತ್ತಿದರು. ಪುಡಿಯಾದವು. ಕುದಿಯುವ ನೀರಿಗೆ ಹಾಕಿ ಕಲಕಿದರು. ಕರಗಿ ಹೋದವು.

"ಗಾಜು ಕರಗತ್ತಾ ಮಾರಾಯ?" ಎಂದರು. "ಬಾಟ್ಲಿ ಎಲ್ಲಿಟ್ಟಿದ್ದೆ?"

ಬಿಯರ್ ಫ್ರಿಜ್‌ನಲ್ಲಿ, ಹಿಂದಿನ ಸಾಲಿನಲ್ಲಿ, ಸೋಮವಾರದಿಂದ. ಅಲ್ಲಿ ಒಂದೆರಡು ಡಿಗ್ರಿ ಅಷ್ಟೇ. ಬಿಳಿ ವೈನ್ ತಣ್ಣಗಿದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ. ಇಂಥ ಶಾರ್ಡನೇಗೆ ಹತ್ತರಿಂದ ಹನ್ನೆರಡು ಡಿಗ್ರಿ ಸಾಕು, ಅದಕ್ಕಿಂತ ಕೆಳಗೆ ಪರಿಮಳವೇ ಮುಚ್ಚಿಹೋಗುತ್ತದೆ. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಆಮ್ಲವಿದೆ, ಪೊಟ್ಯಾಸಿಯಂ ಕೂಡ ಇದೆ. ತೀರಾ ತಣ್ಣಗಾದರೆ ಎರಡೂ ಸೇರಿ ಹರಳಾಗಿ ತಳಕ್ಕೆ ಇಳಿಯುತ್ತವೆ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಬಾಟಲಿಗೆ ತುಂಬುವ ಮೊದಲೇ ವೈನನ್ನು ಸೊನ್ನೆಗಿಂತ ಕೆಳಗೆ ತಣಿಸಿ ಹರಳು ತೆಗೆದುಬಿಡುತ್ತವೆ. ಸಣ್ಣ ತೋಟದವರಲ್ಲಿ ಅನೇಕರು ವೈನನ್ನು ಅಷ್ಟು ಗೋಳಾಡಿಸಲು ಇಷ್ಟಪಡುವುದಿಲ್ಲ. ಹರಳಿನಿಂದ ಯಾರಿಗೂ ತೊಂದರೆಯಿಲ್ಲ.

ವೈನಿಗೆ ಬೇರೆ ಚಿಲ್ಲರ್ ಬೇಕೆಂದು ಮೂರು ಸಲ ಬರೆದುಕೊಟ್ಟಿದ್ದೆ. ಬಜೆಟ್ ಇಲ್ಲ ಎಂದರು. ಅವತ್ತಿನ ಒಂದು ಎನ್‌ಸಿ ಬಿಲ್ಲಿನಲ್ಲಿ ಅರ್ಧ ಚಿಲ್ಲರ್ ಬರುತ್ತಿತ್ತು. ಆದರೆ ಗ್ಲಾಸನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, "ಒಂದು ನಿಮಿಷ ಅಮ್ಮಾ, ಬದಲಿಸಿ ಕೊಡ್ತೇನೆ" ಎನ್ನಲು ಚಿಲ್ಲರ್ ಬೇಕಿರಲಿಲ್ಲ. ಒಳಗೆ ಹೋಗಿ ಬಿಸಿನೀರಿನಲ್ಲಿ ಪರೀಕ್ಷೆ ಮಾಡಲು ಎರಡು ನಿಮಿಷ ಸಾಕಿತ್ತು. ಗಾಜೇ ಆಗಿದ್ದರೆ ಆಗ ಹೇಳಬಹುದಿತ್ತು. ಆ ಎರಡು ನಿಮಿಷ ನಾನು ಕೊಡಲಿಲ್ಲ.

"ವಿಷಯ ಮುಗಿಯಿತು, ಫೋನ್ ಗೀನ್ ಮಾಡಬೇಡ" ಎಂದರು ಮ್ಯಾನೇಜರ್. ಮರುದಿನ ಬೆಳಿಗ್ಗೆ ರಿಸರ್ವೇಶನ್ ಪುಸ್ತಕದಿಂದ ನಂಬರ್ ತೆಗೆದು ಮಾಡಿದೆ. ಅಮ್ಮನೇ ಎತ್ತಿದರು. ಗಾಜಲ್ಲ, ಹುಣಸೆಹಣ್ಣಿನಲ್ಲಿರುವ ಹುಳಿಯೇ ಹರಳುಗಟ್ಟಿದ್ದು ಎಂದು ಹೇಳಿದೆ. ಕ್ಷಮೆ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ರಾತ್ರಿ ಎರಡರ ತನಕ ಆಸ್ಪತ್ರೆಯಲ್ಲಿ ಕೂತಿದ್ದೆವು ಮಗಾ. ಹಾಗನ್ನುವ ಮೊದಲು ಒಂದ್ಸಲ ಸರಿಯಾಗಿ ನೋಡಬಾರದಿತ್ತಾ?" ಎಂದರು. ಗದರಲಿಲ್ಲ. ಮೆತ್ತಗೇ ಕೇಳಿದರು.

ಅವರು ಮತ್ತೆ ನಮ್ಮಲ್ಲಿ ಟೇಬಲ್ ಬುಕ್ ಮಾಡಿಲ್ಲ.