ಒಂದು ಸೊನ್ನೆ ಬಿಟ್ಟ ಭಾನುವಾರ

147573952589676412927. ಅರವತ್ತೇಳು ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ ಇದು. ಕಳೆದ ಭಾನುವಾರ ಮಧ್ಯಾಹ್ನ ಪೂರ್ತಿ ಇದರ ಜೊತೆಗೇ ಕೂತಿದ್ದೆ.

1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯ ಸಂಖ್ಯೆಗಳ ಪಟ್ಟಿಗೆ ಸೇರಿಸಿದ್ದರು. ಅಲ್ಲ ಎಂದು 1876ರಲ್ಲಿ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಲ್ಯೂಕಾ ತೋರಿಸಿದರು, ಆದರೆ ಯಾವುದರಿಂದ ಭಾಗ ಹೋಗುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ. ಒಡೆಯುತ್ತದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ! ಇಪ್ಪತ್ತೇಳು ವರ್ಷ ಹಾಗೇ ಇತ್ತು. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಒಂದು ಗಣಿತಜ್ಞರ ಸಭೆಯಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಒಂದು ಮಾತೂ ಆಡದೆ, ಬೋರ್ಡಿನ ಮೇಲೆ 193707721 ಮತ್ತು 761838257287 ಇವೆರಡನ್ನೂ ಗುಣಿಸಿ ತೋರಿಸಿ ಸುಮ್ನೆ ಹೋಗಿ ಕೂತರು ಅಂತ ಹೇಳುತ್ತಾರೆ.

ನನಗೂ ಅದನ್ನು ಕೈಯಲ್ಲೇ ಮಾಡಬೇಕು ಅನ್ನಿಸಿತು.

ದೊಡ್ಡದನ್ನು ಮೇಲೆ ಬರೆದೆ, ಚಿಕ್ಕದನ್ನು ಕೆಳಗೆ. ಚಿಕ್ಕದರಲ್ಲಿ 7 ಮೂರು ಸಲ ಬರುತ್ತದೆ, ಹಾಗಾಗಿ ಏಳರ ಸಾಲು 5332867801009 ಅಂತ ಒಮ್ಮೆ ಲೆಕ್ಕ ಹಾಕಿದರೆ ಉಳಿದ ಎರಡು ಕಡೆ ನಕಲು ಮಾಡಿದರೆ ಸಾಕು. ಕೂಡಿದೆ. ಒಂಬತ್ತರ ತಾಳೆ ನೋಡಿದೆ: ಎರಡೂ ಸಂಖ್ಯೆಗಳ ಅಂಕೆ ಬೇರೆ ಬೇರೆಯಾಗಿ ಕೂಡುತ್ತಾ ಹೋದರೆ ಕೊನೆಗೆ ಒಂದೊಂದಕ್ಕೂ 1 ಬರುತ್ತದೆ, ಅವೆರಡನ್ನು ಗುಣಿಸಿದರೂ 1, ನನ್ನ ಉತ್ತರಕ್ಕೂ 1. ಮುಂದೆ 147 ಸರಿ ಇದೆ, ಹಿಂದೆ 2927 ಸರಿ ಇದೆ. ಆದರೆ ಇಪ್ಪತ್ತೊಂದು ಅಂಕೆ ಇರಬೇಕಾದ ಕಡೆ ಇಪ್ಪತ್ತೇ ಇದ್ದವು.

ಎಲ್ಲಿ ತಪ್ಪಿದೆ ಅಂತ ಹುಡುಕಲು ಗುಣಾಕಾರಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಚಿಕ್ಕ ಸಂಖ್ಯೆಯ ಮಧ್ಯದ ಸೊನ್ನೆಗೆ ಒಂದು ಸ್ಥಾನ ಸರಿಯದೆ ಮುಂದಿನ ಸಾಲು ಬರೆದಿದ್ದೆ. ಸೊನ್ನೆ ಇದ್ದರೂ ಇಲ್ಲದಿದ್ದರೂ ಅಂಕೆಗಳ ಮೊತ್ತ ಅದೇ ಅಲ್ವಾ, ಆದ್ದರಿಂದ ಒಂಬತ್ತರ ತಾಳೆಗೆ ಈ ತಪ್ಪು ಕಾಣುವುದೇ ಇಲ್ಲ. ಸ್ಥಾನ ಸರಿಸಿ ಮತ್ತೆ ಕೂಡಿದೆ. ಬಲದಿಂದ ಒಂದೊಂದೇ ಅಂಕೆ ಹೊಂದುತ್ತಾ ಬಂದು, ಎಡದ ತುದಿಯಲ್ಲಿ 1 ಬಿದ್ದಾಗ ಪೆನ್ನು ಕೆಳಗಿಟ್ಟು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತೆ.

ಗುಣಿಸಿ ನೋಡಲು ಒಂದು ಮಧ್ಯಾಹ್ನ ಸಾಕಾಯಿತು. ಆ ಎರಡನ್ನು ಹುಡುಕಲು ಕೋಲ್‌ಗೆ ಮೂರು ವರ್ಷದ ಭಾನುವಾರಗಳು ಬೇಕಾದವಂತೆ. ಕುರುಡಾಗಿ ಹುಡುಕಬೇಕಿರಲಿಲ್ಲ, ಒಂದು ಸುಳಿವು ಇತ್ತು: ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯದಿಂದ ಒಂದು ಕಳೆದರೆ, ಉಳಿದದ್ದು 134ರಿಂದ, ಅಂದರೆ 67ರ ಎರಡರಷ್ಟರಿಂದ, ನಿಶ್ಶೇಷವಾಗಿ ಭಾಗ ಹೋಗಲೇಬೇಕು. ಅದನ್ನೂ ಮಾಡಿ ನೋಡಿದೆ. 193707720 ಭಾಗಿಸು 134, ಉತ್ತರ 1445580. ಅಂದರೆ 134ರ ಹೆಜ್ಜೆ ಹಾಕುತ್ತಾ ಹೊರಟರೂ ಹದಿನಾಲ್ಕು ಲಕ್ಷಕ್ಕೂ ಜಾಸ್ತಿ ಹೆಜ್ಜೆ! ಕತ್ತಲಾಗುವ ಹೊತ್ತಿಗೆ ದೊಡ್ಡದರಿಂದಲೂ ಒಂದು ಕಳೆದು 134ರಿಂದ ಭಾಗಿಸಿದೆ. 5685360129, ಶೇಷ ಸೊನ್ನೆ.