“ಅವರೇ ನನ್ನನ್ನು ಒಳಗೆ ಕರೆದರು”

ಈ ವಾರವೆಲ್ಲ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. “ಅವರೇ ತಾನೇ ನನ್ನನ್ನು ಒಳಗೆ ಕರೆದಿದ್ದು?” ಪಕ್ಕದ ಮನೆಯ ಹಾಲ್‌ನಲ್ಲಿ ನಿಂತು, ಬಾಕಿ ವಸೂಲಿಗೆ ಜಪ್ತಿ ಮಾಡಲು ಬರುವ ಒಬ್ಬ ಬೇಲಿಫ್ ನನಗೆ ಹೇಳಿದ ಮಾತು. ಅವನ ಮುಂದೆ ಟೀಪಾಯಿ ಮೇಲೆ ಅರ್ಧ ಕುಡಿದ ಕಾಫಿ ಲೋಟ. ಊರಿಂದ ತಂದ ಸ್ಟೀಲ್ ಲೋಟ.

ಆ ಮನೆಯಲ್ಲಿರುವುದು ಹಾಸನದ ಕಡೆಯ ಹುಡುಗಿ. ಇಂಗ್ಲೆಂಡಿಗೆ ಬಂದು ನರ್ಸ್ ಆಗಿ ಕೆಲಸ ಮಾಡುತ್ತಿದ್ದಾಳೆ. ಅವತ್ತು ನೈಟ್ ಡ್ಯೂಟಿ ಮುಗಿಸಿ ಇನ್ನೂ ಬಸ್ಸಿನಲ್ಲಿದ್ದಳು. ಗಂಡ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿದ್ದದ್ದು ಮಗಳನ್ನು ನೋಡಲು ಬಂದಿರುವ ಅವಳ ಅಮ್ಮ ಒಬ್ಬರೇ. ಎಸ್, ನೋ, ಕಮ್, ಥ್ಯಾಂಕ್ಯೂ ಬಿಟ್ಟರೆ ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಬಾಗಿಲು ತಟ್ಟಿದವನು “ಕೌನ್ಸಿಲ್” ಅಂದ. ಕೌನ್ಸಿಲ್ ಅಂದರೆ ನಮ್ಮ ಕಡೆಯ ಪುರಸಭೆ ಇದ್ದ ಹಾಗೆ. ಕಸದ ಗಾಡಿ ಕೌನ್ಸಿಲ್‌ನದು ಅಂತ ಅವರಿಗೆ ಗೊತ್ತು. ಅವನು ನಗುತ್ತಾ ಒಳಗೆ ಕೈ ತೋರಿಸಿದ. ಇವರು “ಕಮ್, ಕಮ್” ಅಂದರು, ಕೂರಿಸಿ ಕಾಫಿ ಕೊಟ್ಟರು. ಅವನು ಎದ್ದು ಟೀವಿ, ಸೋಫಾ, ಊಟದ ಟೇಬಲ್ಲಿನ ಫೋಟೋ ತೆಗೆಯಲು ಶುರು ಮಾಡಿದಾಗ ಗಾಬರಿಯಾಗಿ ನನಗೆ ಫೋನ್ ಮಾಡಿದರು.

ನಾನು ಓಡಿಹೋದೆ. ಇವರಿಗೆ ಇಂಗ್ಲಿಷ್ ಬರುವುದಿಲ್ಲ, ಬಾಕಿ ಇವರದಲ್ಲ, ನೀವು ಹೊರಗೆ ಹೋಗಿ ಅಂದೆ. ಅವನು ದನಿ ಏರಿಸಲಿಲ್ಲ. ಎದೆಯ ಮೇಲಿದ್ದ ಕ್ಯಾಮೆರಾ ತೋರಿಸಿ, “ಅವರೇ ತಾನೇ ನನ್ನನ್ನು ಒಳಗೆ ಕರೆದಿದ್ದು? ಎಲ್ಲ ರೆಕಾರ್ಡ್ ಆಗಿದೆ” ಅಂದ.

ಅವನು ಅದಕ್ಕೆ ಯಾಕೆ ಅಷ್ಟು ಜೋತುಬಿದ್ದ ಅಂತ ಕಾನೂನು ಗೊತ್ತಿದ್ದವರಿಗೆ ಅರ್ಥವಾಗುತ್ತದೆ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಯಲ್ಲಿ ಇರುವವರು ಕೌನ್ಸಿಲ್‌ಗೆ ಕಟ್ಟುವ ತೆರಿಗೆ, ಅದರ ಬಾಕಿಗೆ ಬರುವ ಬೇಲಿಫ್ ಮೊದಲ ಸಲ ಬಲವಂತವಾಗಿ ಒಳಗೆ ನುಗ್ಗುವ ಹಾಗಿಲ್ಲ. ಕಿಟಕಿ ಹತ್ತುವ ಹಾಗಿಲ್ಲ, ಬಾಗಿಲಿಗೆ ಕಾಲು ಅಡ್ಡ ಇಡುವ ಹಾಗಿಲ್ಲ. ನಾವು ಬಾಗಿಲು ತೆಗೆಯದಿದ್ದರೆ ಅವನು ವಾಪಸ್ ಹೋಗಲೇಬೇಕು. ಆದರೆ ಒಮ್ಮೆ ಒಳಗೆ ಬಂದು ಸಾಮಾನು ಪಟ್ಟಿ ಮಾಡಿ, ಕಂತಿನ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡನೋ, ಕತೆ ಬೇರೆ. ಕಂತು ತಪ್ಪಿದರೆ ಎರಡು ದಿನದ ನೋಟಿಸ್ ಕೊಟ್ಟು ಬೀಗ ಒಡೆದಾದರೂ ಬರಬಹುದು. ಹಾಗಾಗಿ ಬಾಗಿಲಲ್ಲಿ ಸಿಗುವ ಆ ಒಂದು “ಕಮ್” ಅವರಿಗೆ ಬಲು ಮುಖ್ಯ.

ಇಷ್ಟಕ್ಕೂ ಬಾಕಿ ಹೇಗಾಯಿತು? ಈ ಹುಡುಗಿ ಟ್ಯಾಕ್ಸ್ ಕಟ್ಟದೆ ಓಡಾಡಿಕೊಂಡಿದ್ದವಳಲ್ಲ. ಕಳೆದ ವರ್ಷ ಇದೇ ಊರಿನಲ್ಲಿ ಫ್ಲ್ಯಾಟ್ ಬಿಟ್ಟು ಈ ಮನೆಗೆ ಬಂದಳು. ಕೌನ್ಸಿಲ್‌ಗೆ ತಿಳಿಸಿದಳು, ಹೊಸ ಮನೆಯ ಟ್ಯಾಕ್ಸ್ ಪ್ರತಿ ತಿಂಗಳೂ ಬ್ಯಾಂಕಿನಿಂದ ತಾನಾಗೇ ಹೋಗುತ್ತಿದೆ. ಹಳೆಯ ಫ್ಲ್ಯಾಟಿನ ಲೆಕ್ಕದಲ್ಲಿ ಒಂದಿಷ್ಟು ಉಳಿದಿತ್ತು. ಅದರ ರಿಮೈಂಡರ್ ಹಳೆಯ ವಿಳಾಸಕ್ಕೇ ಹೋಯಿತು. ಇಲ್ಲಿ ರಿಮೈಂಡರ್ ಬಂದು ಏಳು ದಿನದೊಳಗೆ ಕಟ್ಟದಿದ್ದರೆ ಕಂತಿನ ಸೌಲಭ್ಯ ಹೋಗುತ್ತದೆ, ಉಳಿದದ್ದೆಲ್ಲ ಒಟ್ಟಿಗೆ ಕೇಳುತ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್. ಅದೂ ಹಳೆಯ ಫ್ಲ್ಯಾಟಿಗೆ. ಒಂದೇ ದಿನ ನೂರಾರು ಹೆಸರಿನ ಪಟ್ಟಿ ಮುಂದಿಟ್ಟು ಕೌನ್ಸಿಲ್‌ಗಳು ಬಾಕಿ ವಸೂಲಿಗೆ ಆರ್ಡರ್ ಪಡೆಯುತ್ತವೆ. ಅದರಲ್ಲಿ ಇವಳದೂ ಒಂದು ಹೆಸರು.

ಬೇಲಿಫ್ ಬರುವ ಮುಂಚೆ ಏಳು ದಿನದ ನೋಟಿಸ್ ಕೊಡಬೇಕು ಅನ್ನುವುದು ನಿಯಮ. ಅದೂ ಇವಳ ಕೈಗೆ ಬಂದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಕಾಗದ ಹಾಕುವಾಗ ಸಿಗದ ಹೊಸ ವಿಳಾಸ, ಬಾಗಿಲು ತಟ್ಟುವಾಗ ಹೇಗೆ ಸಿಕ್ಕಿತು?

ಇನ್ನು ಫೀಸು. ಕೇಸು ಬೇಲಿಫ್ ಕಂಪನಿಗೆ ಹೋದ ಕೂಡಲೇ ಒಂದು ಫೀಸು, ಮನೆ ಬಾಗಿಲಿಗೆ ಬಂದ ಕೂಡಲೇ ಇನ್ನೊಂದು. 2014ರಲ್ಲಿ ಇವನ್ನು ನಿಗದಿ ಮಾಡಿದಾಗ ಮೊದಲನೆಯದು 75 ಪೌಂಡ್, ಎರಡನೆಯದು 235. ಕಟ್ಟಬೇಕಾದವರು ಬಾಕಿದಾರರೇ. ಕಂಪನಿಗಳ ಸಂಪಾದನೆ ಬಹುಪಾಲು ಈ ಫೀಸಿನಿಂದಲೇ. ಒಂದು ಫೋನ್ ಮಾಡಿ ವಿಷಯ ಮುಗಿಸುವುದಕ್ಕಿಂತ ಬಾಗಿಲಿಗೆ ಬಂದರೆ ಜಾಸ್ತಿ ದುಡ್ಡು. ಹೀಗಿರುವಾಗ ಯಾರು ಫೋನ್ ಮಾಡುತ್ತಾರೆ, ಹೇಳಿ? ಕಸ ಎತ್ತುವುದಕ್ಕೆ, ಲೈಬ್ರರಿಗೆ, ವಯಸ್ಸಾದವರ ಆರೈಕೆಗೆ ಕೌನ್ಸಿಲ್ ಟ್ಯಾಕ್ಸ್ ಬೇಕು. ನಾನೂ ಕಟ್ಟುತ್ತೇನೆ, ಮನಸ್ಸಿನಿಂದಲೇ ಕಟ್ಟುತ್ತೇನೆ. ಆದರೆ ಊರಿನ ತೆರಿಗೆ ಬಾಕಿಯನ್ನು ಒಂದು ಖಾಸಗಿ ಕಂಪನಿಯ ವ್ಯಾಪಾರವಾಗಿ ಮಾಡಿರುವುದು ನನಗೆ ಒಪ್ಪಿಗೆಯಿಲ್ಲ.

ಕೊನೆಗೆ ಹುಡುಗಿ ಬಸ್ಸಿನಲ್ಲೇ ಕೂತು ಕಾರ್ಡ್ ನಂಬರ್ ಓದಿ ಹೇಳಿದಳು. ಫೀಸೂ ಸೇರಿಸಿ ಪೂರ್ತಿ ದುಡ್ಡು. ಫೋನಿನ ಸ್ಪೀಕರಿನಲ್ಲಿ ಬಸ್ಸಿನ ಗಂಟೆ ಕೇಳುತ್ತಿತ್ತು, ಅವಳ ದನಿ ನಡುಗುವುದೂ ಕೇಳುತ್ತಿತ್ತು. ಅವನು ರಸೀದಿ ಇಮೇಲ್ ಮಾಡಿ ಹೋದ.

ಸಂಜೆ ಅವಳ ಗಂಡ, “ಕಟ್ಟಿ ಆಯ್ತಲ್ಲ ಅಕ್ಕ, ಸುಮ್ನೆ ಬಿಟ್ಬಿಡೋಣ, ವೀಸಾಗೆ ಏನಾದ್ರೂ ತೊಂದ್ರೆ ಆದ್ರೆ?” ಅಂದ. ಒಳ್ಳೆಯ ಹುಡುಗ. ಆದರೆ ಪರದೇಶದಲ್ಲಿ ಇರುವ ನಮ್ಮವರು ಎಲ್ಲದಕ್ಕೂ ಹೀಗೇ ತಲೆ ತಗ್ಗಿಸುತ್ತಾರೆ. ತಪ್ಪು ನಮ್ಮದಲ್ಲದಾಗಲೂ ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಇನ್ನೊಬ್ಬರ ಮನೆಗೆ ಹೀಗೇ ಬರುತ್ತಾರೆ, ಅಲ್ವಾ?

ಅಮ್ಮನ ಮಾತೇ ಬೇರೆ. ಪಾಪ, ಹಳ್ಳಿಯವರು, ಮನೆಗೆ ಬಂದವರನ್ನೆಲ್ಲ ಒಳಗೆ ಕರೆಯುತ್ತಾರೆ ಅಂತ ನಾವು ಮಾತಾಡಿಕೊಳ್ಳುತ್ತಿದ್ದೆವು. ಅವರಿಗೆ ಸಿಟ್ಟು ಬಂತು. “ಜಪ್ತಿ ಅಂದ್ರೆ ನಂಗೊತ್ತಿಲ್ವಾ? ಸೊಸೈಟಿಯೋರು ಪಾತ್ರೆ ಹೊತ್ಕೊಂಡು ಹೋಗೋದು ನೋಡಿದೀನಿ. ರೈತ ಸಂಘದೋರು ಹೋಗಿ ವಾಪಸ್ ತಂದು ಕೊಡೋದೂ ನೋಡಿದೀನಿ. ಜಪ್ತಿಗೆ ಬಂದಿದೀನಿ ಅಂತ ಇವ್ನು ಹೇಳಿದ್ರೆ ನಾನು ಒಳಗೆ ಬಿಡ್ತಿದ್ನಾ?”

ನಾನು ದಂಗಾದೆ. ಎಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಸಾಲ ವಸೂಲಿಗೆ ಬಂದವರನ್ನು ರೈತರು ಊರ ಬಾಗಿಲಲ್ಲೇ ತಡೆದಿದ್ದರು. ಅನುಮತಿ ಇಲ್ಲದೆ ಅಧಿಕಾರಿಗಳು ಬರಕೂಡದು ಅಂತ ಬೋರ್ಡ್ ಹಾಕಿದ್ದರು. ಆ ಕಾಲ ಕಂಡ ಹೆಂಗಸು ಇವರು. ಅವರಿಗೆ ಗೊತ್ತಿಲ್ಲದೇ ಇದ್ದದ್ದು ಇಂಗ್ಲಿಷ್ ಮಾತ್ರ. ಹಾಗಾದರೆ “ಅವರೇ ಕರೆದರು” ಅನ್ನುವುದಕ್ಕೆ ಏನು ಅರ್ಥ? ಯಾಕೆ ಬಂದಿದ್ದಾನೆ ಅಂತಲೇ ಗೊತ್ತಾಗದವರು ಕರೆದರೆ ಅದು ಒಪ್ಪಿಗೆ ಹೇಗಾಗುತ್ತದೆ?

ಇದು ನನ್ನೊಬ್ಬಳ ವಾದವಲ್ಲ. ಬೇಲಿಫ್‌ಗಳಿಗೆಂದೇ 2014ರಲ್ಲಿ ಸರ್ಕಾರ ಹೊರತಂದ ನ್ಯಾಷನಲ್ ಸ್ಟ್ಯಾಂಡರ್ಡ್ಸ್ ಅನ್ನುವ ಮಾರ್ಗಸೂಚಿಯಲ್ಲಿ ಯಾರ ವಿಷಯದಲ್ಲಿ ಜಾಗ್ರತೆ ವಹಿಸಬೇಕು ಅಂತ ಪಟ್ಟಿ ಇದೆ. ವಯಸ್ಸಾದವರು, ಕಾಯಿಲೆಯವರು, ಬಸುರಿಯರು ಅದರಲ್ಲಿದ್ದಾರೆ. ಇಂಗ್ಲಿಷ್ ಮಾತಾಡಲು, ಓದಲು, ಅರ್ಥ ಮಾಡಿಕೊಳ್ಳಲು ಕಷ್ಟ ಅಂತ ಎದ್ದು ಕಾಣುವವರೂ ಇದ್ದಾರೆ. ಮನೆಯಲ್ಲಿ ಅಂಥವರು ಮಾತ್ರ ಇದ್ದರೆ ಒಳಗೆ ಹೋಗಬಾರದು, ಅಲ್ಲಿ ಉಳಿಯಲೂಬಾರದು. ಹದಿನಾರು ತುಂಬದ ಮಕ್ಕಳು ಮಾತ್ರ ಇದ್ದರೂ ಅಷ್ಟೇ.

ಹುಡುಗಿಯೂ ನಾನೂ ಕೂತು ದೂರು ಬರೆದೆವು. ಒಂದು ಪ್ರತಿ ಕಂಪನಿಗೆ, ಒಂದು ಕೌನ್ಸಿಲ್‌ಗೆ. ಕೌನ್ಸಿಲ್‌ಗೆ ಫೋನ್ ಮಾಡಿದಾಗ “ಕಂಪನಿಯ ಹತ್ತಿರವೇ ಮಾತಾಡಿ” ಅಂದುಬಿಟ್ಟರು. ಅದನ್ನು ಒಪ್ಪಬಾರದು. ತನ್ನ ಪರವಾಗಿ ಕೆಲಸ ಮಾಡುವ ಬೇಲಿಫ್ ಏನು ಮಾಡಿದರೂ ಉತ್ತರ ಕೊಡಬೇಕಾದ್ದು ಕೌನ್ಸಿಲ್. ಅವರು ಸರಿಯಾಗಿ ಉತ್ತರಿಸದಿದ್ದರೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಲೋಕಲ್ ಗವರ್ನ್‌ಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ದೂರಿಗೆ ಫೀಸಿಲ್ಲ. ಅವನು ಬೆರಳು ಮಾಡಿ ತೋರಿಸಿದ ಆ ಕ್ಯಾಮೆರಾದ ವಿಡಿಯೋವನ್ನೂ ಕೇಳಿದ್ದೇವೆ. ಅದು ನಮ್ಮ ಹಕ್ಕು. ಅಮ್ಮ ಅವನಿಗೆ ಕನ್ನಡದಲ್ಲಿ ಏನೇನು ಕೇಳಿದರು, ಅವನು ಏನೂ ಅರ್ಥವಾಗದೆ ಹೇಗೆ ತಲೆಯಾಡಿಸಿದ ಅನ್ನುವುದು ಅದರಲ್ಲಿರುತ್ತದೆ.

ಏನೇನು ಬೇಕು ಅಂತ ಬರೆಯುವಾಗ ನಾನು ಫೀಸು ವಾಪಸ್ ಬರಬೇಕು, ಸಾಮಾನಿನ ಫೋಟೋ ಅಳಿಸಬೇಕು ಅಂತ ಹಾಕಿದೆ. ಹುಡುಗಿ ಇನ್ನೊಂದು ಸಾಲು ಸೇರಿಸಿದಳು. ಕ್ಷಮೆ ಕೇಳುವುದು ತನ್ನಲ್ಲಲ್ಲ, ತನ್ನ ಅಮ್ಮನಲ್ಲಿ, ಅವರ ಹೆಸರಿಗೆ, ಕಾಗದದಲ್ಲಿ. ಅವಳ ಗಂಡ ಅದೊಂದು ಬೇಡ ಅಂದ. ಅವಳು ಕೇಳಲಿಲ್ಲ. ದೂರು ಹಾಗೇ ಹೋಗಿದೆ.